ಒಂದೇ ಟೇಪಿನಲ್ಲಿ ಎರಡು ಗಂಟೆ

"ಅಲ್ಲೇ ನಿಲ್ಲಸ್ರಿ."

ಚಂದ್ರಮತಿ ಕೈ ಎತ್ತಿದಳು. ಅವಳು ಕರೆಸಿದ್ದ ಪತ್ತೇದಾರ ಧರಣೇಂದ್ರ ಉಪಾಧ್ಯೆ ಟೇಪ್‌ರೆಕಾರ್ಡರಿನ ಗುಂಡಿ ಒತ್ತಿದ. ಅಷ್ಟು ಹೊತ್ತು ಕೋಣೆಯ ತುಂಬ ಹೊಗೆಯಂತೆ ಸುತ್ತುತ್ತಿದ್ದ ಸ್ಯಾಕ್ಸೊಫೋನಿನ ದನಿ ನಿಂತಿತು. ಹೊರಗೆ ಅಥಣಿಯ ಮಧ್ಯಾಹ್ನ. ಕಬ್ಬಿನ ಟ್ರ್ಯಾಕ್ಟರೊಂದು ಓಣಿಯ ತುದಿಯಲ್ಲಿ ಗುರುಗುಟ್ಟಿ ದೂರವಾಯಿತು.

"ಒಂಚೂರು ಹಿಂದಕ್ಕ ತಗೋರಿ. ಹಾಂ. ಈಗ ಕೇಳ್ರಿ."

ಟೇಪು ಮತ್ತೆ ತಿರುಗಿತು. ಊದುವುದಕ್ಕೆ ಮೊದಲು ಯಾರೋ ಉಸಿರು ಎಳೆದುಕೊಂಡರು. ಆ ಉಸಿರಿನ ತುದಿಯಲ್ಲಿ, ಮೂಗಿನೊಳಗೇ, ನಿದ್ದೆಯಲ್ಲಿ ಓಗೊಟ್ಟಂಥ ಸಣ್ಣದೊಂದು 'ಹೂಂ'.

"ಅದು ನಮ್ಮವರದು," ಎಂದಳು ಚಂದ್ರಮತಿ. "ಊದೂಕಿಂತ ಮೊದಲ ಹಂಗ ಅಂತಿದ್ರು. ನೀರಿನ ಕೊಡ ಎತ್ತೂ ಮುಂದನೂ ಹಂಗಽ ಅಂತಿದ್ರು."

ಅವಳ ಗಂಡ ಉತ್ತಮ ಹುದ್ದಾರ ಏಳು ವರ್ಷಗಳ ಹಿಂದೆ, ಹೊಳೆ ತುಂಬಿದ ಹೊತ್ತಿನಲ್ಲಿ, ಕೃಷ್ಣೆಯ ಸೇತುವೆಯ ಮೇಲೆ ಚಪ್ಪಲಿ ಮತ್ತು ಅಂಗಿ ಬಿಟ್ಟು ಕಾಣೆಯಾಗಿದ್ದ. ಹೆಣ ಸಿಕ್ಕಿರಲಿಲ್ಲ.

ಎದುರಿನ ಕುರ್ಚಿಯಲ್ಲಿದ್ದ ಧನಪಾಲ ಮುಂದಕ್ಕೆ ಬಾಗಿದ. ನಿಪ್ಪಾಣಿಯ ತಂಬಾಕು ವ್ಯಾಪಾರಿಗಳ ಮನೆಯಲ್ಲಿ ಹುಟ್ಟಿದ ಈ ಮನುಷ್ಯ ಪುಣೆಯಲ್ಲಿ ನೆಲೆಸಿ, ಲೋಕದ ಮೂಲೆ ಮೂಲೆಯಿಂದ ವಿಚಿತ್ರ ಸಂಗೀತದ ಟೇಪು ತರಿಸಿ ಕೇಳುವುದನ್ನೇ ಬದುಕು ಮಾಡಿಕೊಂಡಿದ್ದ. ಹೆಸರಿಲ್ಲದ ಈ ಕ್ಯಾಸೆಟ್ಟು ಅಂಚೆಯಲ್ಲಿ ಬಂದದ್ದು ಅವನಿಗೇ. ಲಕೋಟೆಯ ಮೇಲೆ ಮೀರಜಿನ ಠಸ್ಸೆ ಇತ್ತು. ಕಳಿಸಿದವರ ಹೆಸರು ಇರಲಿಲ್ಲ.

"ಇಬ್ಬರು ಊದ್ಯಾರ ನೋಡ್ರಿ ಇದರಾಗ," ಎಂದ ಧನಪಾಲ. "ಒಬ್ಬಾಂವ ದೂರ, ಒಬ್ಬಾಂವ ಹತ್ರ. ದೂರದಾಂವ ಉತ್ತಮ. ಅವನ ಮೊದಲಿನ ಟೇಪು ಏಳೆಂಟು ವರ್ಷದ ಹಿಂದ ಒಂದು ಸಲ ಕೇಳೀನಿ, ಆ ಊದೂ ಧಾಟಿ ಮರತಿಲ್ಲ. ಹತ್ತಿರದಾಂವ ಯಾರೋ ಗೊತ್ತಿಲ್ಲ. ಆದ್ರ ಅವ ಉತ್ತಮನ್ನೂ ಮೀರಿಸ್ಯಾನ."

"ನನಗ ಇದರಾಗ ಹಾಡು ಎಲ್ಲೈತಿ ಅಂತಽ ಸಿಗವಲ್ದು," ಎಂದ ಧರಣೇಂದ್ರ.

ಧನಪಾಲನ ಮುಖ ಅರಳಿತು. ಅವನು ಕಾಯುತ್ತಿದ್ದದ್ದು ಇದೇ ಮಾತಿಗೆ.

"ಹಾಡು ಇಲ್ರಿ. ರಾಗ ಇಲ್ಲ, ತಾಳ ಇಲ್ಲ, ಮೊದಲ ಗೊತ್ತು ಮಾಡಿದ್ದು ಏನೂ ಇಲ್ಲ. ಅಮೇರಿಕಾದಾಗ ಜಾಝ್ ಅಂತಾರಲ್ಲ, ಅದರ ಹಗ್ಗ ಹರಕೊಂಡು ಬಯಲಿಗೆ ಬಂದವರ ಬಾಜಾ ಇದು. ಒಬ್ಬಾಂವ ಒಂದು ದನಿ ಬಿಡತಾನ, ಇನ್ನೊಬ್ಬಾಂವ ಅದನ್ನ ಕೇಳಿ ಅಲ್ಲೇ ಉತ್ತರ ಕೊಡತಾನ. ಆ ಗಳಿಗ್ಯಾಗ ಹುಟ್ಟಿ ಆ ಗಳಿಗ್ಯಾಗ ಮುಗೀತೈತಿ. ಟೇಪ್ ಮಾಡಿದ್ರ ಉಳೀತು, ಇಲ್ಲಾ ಹೋತು."

ಉತ್ತಮ ಮುಂಬಯಿಯ ಹೋಟೆಲುಗಳಲ್ಲಿ ಸ್ಯಾಕ್ಸೊಫೋನ್ ಊದಿ ಊರಿಗೆ ಮರಳಿದವನು. ಮರಳಿದ ಮೇಲೆ ಅವನದೊಂದು ಟೇಪು ಧನಪಾಲನಂಥ ಪುಣೆಯ ಕೆಲವರ ಕೈಸೇರಿತ್ತು. ಕಬ್ಬಿನ ನಾಡಿನಲ್ಲಿ ಇಂಥ ಸಂಗೀತವೇ ಎಂದು ಅವರು ಬೆರಗಾಗಿ, ನಮ್ಮೆದುರು ಬಂದು ಊದು ಎಂದು ಕರೆದಿದ್ದರು. ಹೊರಟವನು ಸೇತುವೆ ದಾಟಲಿಲ್ಲ.

"ಮನ್ಯಾಗ ಹಿಂಥಾದ್ದು ಯಾವತ್ತೂ ಊದಲಿಲ್ರಿ ಅವರು," ಎಂದಳು ಚಂದ್ರಮತಿ ಮೆಲ್ಲಗೆ. "ಸಿನಿಮಾ ಹಾಡು ಊದತಿದ್ರು. ಆ ಟೇಪಿನ್ಯಾಗಿಂದು ಊದ್ರಿ ಅಂದ್ರ ಸಿಟ್ಟಿಗೇಳತಿದ್ರು."

ಟೇಪು ಓಡುತ್ತಲೇ ಇತ್ತು. ಎರಡು ದನಿಗಳು ಒಂದರ ಬೆನ್ನ ಮೇಲೊಂದು ಕೈಯಿಟ್ಟುಕೊಂಡು ಕತ್ತಲಲ್ಲಿ ನಡೆಯುತ್ತಿರುವ ಹಾಗೆ ಧರಣೇಂದ್ರನಿಗೆ ಅನ್ನಿಸಿತು. ಕಣ್ಣು ತಾನಾಗಿ ಮುಚ್ಚಿತು. ಅಷ್ಟರಲ್ಲಿ ಆ ನಡಿಗೆಯ ನಡುವೆ ಗಂಟೆಯೊಂದು ಬಡಿಯಿತು.

ಅವನು ಕಣ್ಣು ಬಿಟ್ಟ. ಹಿಂದಕ್ಕೆ ಸುತ್ತಿ ಮತ್ತೆ ಕೇಳಿದ. ಮತ್ತೆ ಸುತ್ತಿದ.

ಧರಣೇಂದ್ರನ ತಂದೆ ಕಾಗವಾಡದ ಕಡೆ ನದಿದಂಡೆಯ ಹಳೆಯ ಬಸದಿಯೊಂದರಲ್ಲಿ ಪೂಜೆ ಮಾಡಿಕೊಂಡಿದ್ದವರು. ಆ ಗಂಟೆಯ ಹಗ್ಗ ಹಿಡಿದು ಜೋತಾಡುತ್ತಲೇ ಅವನು ಬೆಳೆದಿದ್ದ. ಬಸದಿಗೆ ಹೊಸ ಶಿಖರ ಕಟ್ಟುವಾಗ ಗಂಟೆ ಕೆಳಗೆ ಬಿದ್ದು ಸೀಳು ಬಿಟ್ಟಿತ್ತು. ಆಮೇಲೆ ಅದರ ದನಿಯ ಕೊನೆಯಲ್ಲಿ ಸದಾ ಒಂದು ಗೊಗ್ಗರು. ಟೇಪಿನಲ್ಲಿ ಅದೇ ಗೊಗ್ಗರು ಇತ್ತು.

"ಅಕ್ಕಾರ, ನಿಮ್ಮವರು ಹೋಗಿದ್ದು ಯಾವ ವರ್ಷ?"

"ಎಂಬತ್ಮೂರು."

"ಈ ಗಂಟಿ ಒಡದಿದ್ದು ಅದರ ಮರುವರ್ಷ."

ಚಂದ್ರಮತಿ ಗೋಡೆಗೆ ಒರಗಿ, ಸೀರೆಯ ಸೆರಗಿನ ಅಂಚನ್ನು ಬೆರಳಿನಿಂದ ಉಜ್ಜುತ್ತಾ ನಿಂತಳು. ಹೊಲಿಗೆ ತರಗತಿ ನಡೆಸಿ ಒಬ್ಬಳೇ ಬದುಕು ಕಟ್ಟಿಕೊಂಡವಳು. ಏಳು ವರ್ಷ ಸುಳಿವಿಲ್ಲದವನು ಕಾಯ್ದೆಯ ಕಣ್ಣಿಗೆ ಸತ್ತಂತೆ ಎಂದು ವಕೀಲರು ಹೇಳಿದ ಮೇಲೆಯೇ ಅವಳು ಇನ್ನೊಂದು ಮದುವೆಗೆ ಒಪ್ಪಿದ್ದಳು.

"ಮುಂದಿನ ವಾರ ನನ್ನ ಲಗ್ನ ಐತ್ರಿ," ಎಂದಳು. "ನೇಮಿನಾಥರಿಗೆ ನಾ ಏನ್ ಹೇಳ್ಲಿ?"

ಅವಳು ಮದುವೆಯಾಗಲಿದ್ದ ನೇಮಿನಾಥ ಉತ್ತಮನ ಜೀವದ ಗೆಳೆಯ. ಅಥಣಿಯ ಪೇಟೆಯಲ್ಲಿ ರೇಡಿಯೋ ಅಂಗಡಿ ಇಟ್ಟವನು. ಉತ್ತಮನ ಹಳೆಯ ಟೇಪು ಆದದ್ದೂ ಅವನ ಯಂತ್ರದಲ್ಲೇ.

"ಸದ್ಯ ಏನೂ ಹೇಳಬ್ಯಾಡ್ರಿ," ಎಂದ ಧರಣೇಂದ್ರ.

* * *

ಮರುದಿನ ಬೆಳಗಿನ ಬಸ್ಸು ಮಂಗಸೂಳಿಯ ಮಲ್ಲಯ್ಯನಿಗೆ ಹೊರಟವರಿಂದ ತುಂಬಿತ್ತು. ಎಲ್ಲರ ಹಣೆಯಲ್ಲೂ ಭಂಡಾರ. ಸೀಟಿನ ಮೇಲೆ, ಕಿಟಕಿಯ ಸರಳಿನ ಮೇಲೆ, ಧರಣೇಂದ್ರನ ಅಂಗಿಯ ತೋಳಿನ ಮೇಲೆ ಅರಿಸಿನ. ನಡುದಾರಿಯಲ್ಲಿ ಇಳಿದು ಅವನು ಹೊಳೆಯ ಕಡೆಯ ಕಾಲುದಾರಿ ಹಿಡಿದ.

ಮಂಜು ನೆಲಕ್ಕೆ ಇಳಿದಿತ್ತು. ಎರಡೂ ಕಡೆ ಆಳೆತ್ತರದ ಕಬ್ಬು. ಅದರ ಗರಿಗಳಿಂದ ನೀರು ತೊಟ್ಟಿಕ್ಕುವ ಸಪ್ಪಳ ಮಾತ್ರ ಕೇಳುತ್ತಿತ್ತು. ತನ್ನ ಹೆಜ್ಜೆಯ ಸದ್ದೂ ತನಗೆ ಸೇರಿದ್ದಲ್ಲ, ಮುಂದೆ ಯಾರೋ ನಡೆಯುತ್ತಿದ್ದಾರೆ ಎನ್ನುವಂತಿತ್ತು. ಹುಟ್ಟಿದ ಊರಿನ ದಾರಿಯೇ ಆದರೂ ಕನಸಿನಲ್ಲಿ ಬಂದಂತೆ ಬಂದು ಬಸದಿಯ ಅಂಗಳದಲ್ಲಿ ನಿಂತ.

ಅಭಿಷೇಕ ನಡೆದಿತ್ತು. ಈಗಿನ ಪಂಡಿತರು ಗಂಟೆ ಬಾರಿಸಿದರು. ದನಿಯ ಕೊನೆಗೆ ಅದೇ ಗೊಗ್ಗರು.

ಹೊರಗೆ ಬಂದ ಪಂಡಿತರು ಗುರುತು ಹಿಡಿದರು. "ಉಪಾಧ್ಯೆರ ಮಗ ಅಲ್ಲೇನು? ಈ ಮಂಜಿನ್ಯಾಗ ಯಾಕ ಬಂದ್ಯೋ ತಮ್ಮಾ?"

"ಇಲ್ಲೆಲ್ಲಾದ್ರೂ ಬಾಜಾ ಊದೂದು ಕೇಳಸ್ತೈತೇನ್ರಿ?"

ಪಂಡಿತರು ಹೊಳೆಯ ಕಡೆ ನೋಡಿದರು. "ಮಂಜು ಬಿದ್ದ ದಿನ ಒಮ್ಮೊಮ್ಮೆ ಕೇಳಸ್ತೈತಿ. ಆಕಳ ಕರಾ ದಾರಿ ತಪ್ಪಿ ಒದರಿದಂಗ. ಹಳೇ ಗಾಣದ ಮನಿ ಕಡಿಂದ ಬರ್ತೈತಿ. ಮಂದಿ ಅಂಜತಾರ, ಹೋಗೂದಿಲ್ಲ. ನನಗ ಅಂಜಿಕಿ ಆಗೂದಿಲ್ಲ, ಆದ್ರ ಪೂಜಿ ಬಿಟ್ಟು ಹ್ಯಾಂಗ ಹೋಗ್ಲಿ?"

ಕಬ್ಬೆಲ್ಲ ಕಾರ್ಖಾನೆಯ ದಾರಿ ಹಿಡಿದ ಮೇಲೆ ಆ ಆಲೆಮನೆ ಬಾಗಿಲು ಹಾಕಿತ್ತು. ಹಿಂದೆ ಉತ್ತಮ ಮತ್ತು ನೇಮಿನಾಥ ಬಂದು ಕೂರುತ್ತಿದ್ದದ್ದು, ಆ ಟೇಪು ಮಾಡಿದ್ದು ಅಲ್ಲೇ. ಊರೊಳಗೆ ಊದಿದರೆ ಜನ ಬೈಯುತ್ತಿದ್ದರು.

ಧರಣೇಂದ್ರ ಬಸದಿಯ ಕಟ್ಟೆಯ ಮೇಲೆ ಕೂತು ವಾಕ್‌ಮನ್ನಿನ ಇಯರ್‌ಫೋನು ಕಿವಿಗೆ ಹಾಕಿಕೊಂಡ. ಅಥಣಿಯ ಕೋಣೆಯಲ್ಲಿ ಫ್ಯಾನಿನ ಸದ್ದು, ಓಣಿಯ ಸದ್ದು ಎಲ್ಲ ಸೇರಿತ್ತು. ಇಲ್ಲಿ ಕಿವಿಯೊಳಗೆ ಟೇಪೊಂದೇ. ದೂರದ ಸ್ಯಾಕ್ಸೊಫೋನು ಉದ್ದಕ್ಕೆ ಒಂದು ದನಿ ಎಳೆಯಿತು. ಹತ್ತಿರದ್ದು ಅದರ ಕೆಳಗೆ ನುಸುಳಿತು. ಗಂಟೆ ಬರುವ ಜಾಗ ಹತ್ತಿರವಾಯಿತು.

ಆಗ ಅವನಿಗೆ ನಿನ್ನೆ ಕೇಳದ್ದು ಕೇಳಿಸಿತು.

ಒಡೆದ ಗಂಟೆ ಬಡಿಯುವ ಸ್ವಲ್ಪ ಮೊದಲು, ಆಳದಲ್ಲಿ, ತುಂಬ ಸಣ್ಣಗೆ, ಇನ್ನೊಂದು ಗಂಟೆ. ನಿನ್ನೆ ಅದನ್ನು ಪ್ರತಿಧ್ವನಿ ಎಂದುಕೊಂಡು ಬಿಟ್ಟಿದ್ದ. ಆದರೆ ಪ್ರತಿಧ್ವನಿ ಧ್ವನಿಗಿಂತ ಮೊದಲು ಬರುವುದಿಲ್ಲ.

ಮತ್ತೆ ಕೇಳಿದ. ಸಣ್ಣ ಗಂಟೆಯ ದನಿ ಕೊನೆಯವರೆಗೂ ಸ್ವಚ್ಛ, ಹೊಳೆಯ ನೀರಿನಲ್ಲಿ ಅದ್ದಿ ತೆಗೆದಂತೆ. ಬಾಲ್ಯದಲ್ಲಿ ಅವನು ಹಗ್ಗ ಹಿಡಿದು ಜೋತಾಡಿದ ಗಂಟೆ ಅದು. ಒಡೆಯುವ ಮೊದಲಿನ ಗಂಟೆ.

ಒಂದೇ ಗಂಟೆ ಒಂದೇ ಹೊತ್ತಿನಲ್ಲಿ ಒಡೆದೂ ಇರಲಾರದು, ಒಡೆಯದೆಯೂ ಇರಲಾರದು. ಟೇಪಿನಲ್ಲಿ ಎರಡು ಕಾಲ ಇದ್ದವು. ದೂರದ ಸ್ಯಾಕ್ಸೊಫೋನು ಹಳೆಯದು, ಅದರ ಜೊತೆಗಿದ್ದದ್ದು ಹಳೆಯ ಗಂಟೆ. ಯಾರೋ ಒಬ್ಬ ಆ ಹಳೆಯ ಟೇಪನ್ನು ಆಲೆಮನೆಯಲ್ಲಿ ಹಚ್ಚಿಟ್ಟು, ಅದಕ್ಕೆ ಎದುರಾಗಿ ತಾನೂ ಊದಿದ್ದಾನೆ. ಎರಡನ್ನೂ ಇನ್ನೊಂದು ಯಂತ್ರ ಹಿಡಿದಿದೆ. ಆ ಹೊತ್ತಿಗೆ ಬಸದಿಯಲ್ಲಿ ಒಡೆದ ಗಂಟೆ ಬಡಿದಿದೆ.

ಹಾಗಾದರೆ ಉತ್ತಮ ಬದುಕಿಲ್ಲ. ಯಾರೋ ಸತ್ತವನ ಜೊತೆಗೂಡಿ ಊದಿದ್ದಾರೆ.

ಆಲೆಮನೆಯ ಬಾಗಿಲು ಬರೀ ಎಳೆದಿಟ್ಟಿತ್ತು. ಒಳಗೆ ಹಳೆಯ ಬೆಲ್ಲದ ವಾಸನೆ ಇನ್ನೂ ಸತ್ತಿರಲಿಲ್ಲ. ಕೊಪ್ಪರಿಗೆ ಇಡುತ್ತಿದ್ದ ಒಲೆಯ ಬಾಯಿ ಕಪ್ಪಗೆ ತೆರೆದಿತ್ತು. ಗೋಡೆಯ ಪಕ್ಕದ ಕಲ್ಲಿನ ಮೇಲೆ ಧೂಳಿಲ್ಲದ ಚೌಕಾಕಾರದ ಎರಡು ಗುರುತು. ಎರಡು ಟೇಪ್‌ರೆಕಾರ್ಡರು ಇಟ್ಟ ಜಾಗ. ಕಲ್ಲಿನ ಹಿಂದೆ ತೀರಿಹೋದ ಬ್ಯಾಟರಿ ಸೆಲ್ಲುಗಳು ಬಿದ್ದಿದ್ದವು. ಅವನು ಒಂದನ್ನು ಎತ್ತಿ ಬೆಳಕಿಗೆ ಹಿಡಿದ. ಅದರ ಮೇಲೆ ನೇರಳೆ ಮಸಿಯ ಠಸ್ಸೆ ಇತ್ತು.

ನೇಮಿನಾಥನ ಅಂಗಡಿಯ ಠಸ್ಸೆ.

* * *

ಅಥಣಿಯ ಅಂಗಡಿಯಲ್ಲಿ ಐದಾರು ಜನ ರೇಡಿಯೋದ ಸುತ್ತ ನಿಂತು ಕೊಲ್ಲಿ ಯುದ್ಧದ ಸುದ್ದಿ ಕೇಳುತ್ತಿದ್ದರು. ಸುದ್ದಿ ಮುಗಿದು ಅವರು ಚದುರಿದ ಮೇಲೆ ಧರಣೇಂದ್ರ ಒಳಗೆ ಕಾಲಿಟ್ಟ.

ನೇಮಿನಾಥ ನಲವತ್ತರ ಸಣಕಲು ಮನುಷ್ಯ. ಬಿಳಿ ಪೈಜಾಮ, ತೋಳು ಮಡಚಿದ ಅಂಗಿ, ಹೆಗಲಿಗೆ ಉಣ್ಣೆಯ ಮಫ್ಲರು. ಬಿಚ್ಚಿಟ್ಟ ರೇಡಿಯೋದಿಂದ ತಲೆ ಎತ್ತಿದ.

"ಬರ್ರಿ ಉಪಾಧ್ಯೆರ. ಕೂಡ್ರಿ. ಚಾ ಹೇಳ್ಲಿ?"

ಧರಣೇಂದ್ರ ಬ್ಯಾಟರಿ ಸೆಲ್ಲನ್ನು ಟೇಬಲ್ಲಿನ ಮೇಲೆ ಇಟ್ಟ.

"ಇಂಥಾವು ನಾ ಊರಿಗೆಲ್ಲಾ ಮಾರೀನ್ರಿ," ಎಂದ ನೇಮಿನಾಥ. ಆದರೆ ಕೈಯಲ್ಲಿದ್ದ ಸ್ಕ್ರೂಡ್ರೈವರು ನಿಂತಿತ್ತು.

"ಗಾಣದ ಮನ್ಯಾಗ ಸಿಕ್ಕಾವು."

ನೇಮಿನಾಥ ಸೆಲ್ಲನ್ನು ತಿರುಗಿಸಿ ಠಸ್ಸೆ ನೋಡಿದ.

ಧರಣೇಂದ್ರ ಕ್ಯಾಸೆಟ್ಟನ್ನು ಅಂಗಡಿಯ ದೊಡ್ಡ ಯಂತ್ರಕ್ಕೆ ತಾನೇ ಹಾಕಿದ. ಗೋಡೆಯ ಎರಡು ಸ್ಪೀಕರುಗಳಿಂದ ಸ್ಯಾಕ್ಸೊಫೋನು ಇಳಿದು ಬಂತು. ನೇಮಿನಾಥ ಕಣ್ಣು ಮುಚ್ಚಿದ. ತೂಗುವ ಹಾಸಿಗೆಯಲ್ಲಿ ಮಲಗಿದವನಂತೆ ಅವನ ತಲೆ ಒಂದು ಕಡೆ ವಾಲಿತು. ಅದು ಕಳ್ಳತನದಲ್ಲಿ ಸಿಕ್ಕಿಬಿದ್ದವನ ಮುಖವಾಗಿರಲಿಲ್ಲ.

"ಮೊದಲ ಸಲ ಕೇಳಾಕತ್ತೇನ್ರಿ ಇದನ್ನ," ಎಂದ.

"ಸುಳ್ಳು. ಹಳೇ ಟೇಪು ನಿಮ್ಮ ಹತ್ರ ಇತ್ತು. ಗಾಣದ ಮನ್ಯಾಗ ಅದನ್ನ ಹಚ್ಚಿ, ಇನ್ನೊಂದು ಮಶೀನು ಇಟ್ಟವರು ನೀವು. ಎರಡು ಗಂಟಿ ಅದಾವ ಇದರಾಗ. ಒಂದು ಒಡದದ್ದು, ಒಂದು ಒಡೀಲಾರದ್ದು. ಹತ್ತಿರ ಊದಿದಾಂವ ಯಾರು?"

ನೇಮಿನಾಥ ಕಣ್ಣು ತೆರೆದ.

"ನಾನು," ಎಂದ.

"ನೀವು?"

"ಹೌದ್ರಿ. ನಾನಽ ಊದಿದ್ದು. ಗೆಳೆಯನ ನೆನಪಿಗೆ. ಇಷ್ಟಽ. ಈಗ ಬಿಡ್ರಿ ಈ ವಿಷಯ. ಚಂದ್ರಮತಿಗೆ ಹೇಳಿಬಿಡ್ರಿ, ಉತ್ತಮ ಹೋಗ್ಯಾನ, ತಿರುಗಿ ಬರೂದಿಲ್ಲ ಅಂತ."

ಧರಣೇಂದ್ರನಿಗೆ ಅದು ನಂಬುವಂತೆಯೇ ಇತ್ತು. ಅವನು ಎದ್ದು ನಿಂತ. ಆ ಹೊತ್ತಿಗೆ ಟೇಪು ಅದೇ ಜಾಗಕ್ಕೆ ಬಂತು. ಉಸಿರು. ಆ ಉಸಿರಿನ ತುದಿಯ 'ಹೂಂ'. ಎರಡು ದೊಡ್ಡ ಸ್ಪೀಕರುಗಳಲ್ಲಿ ಅದು ಕಿವಿಯ ಪಕ್ಕದಲ್ಲೇ ಬಿಟ್ಟ ಉಸಿರಿನಷ್ಟು ಹತ್ತಿರವಾಗಿ ಕೇಳಿತು.

ಹತ್ತಿರವಾಗಿ. ದೂರದಿಂದಲ್ಲ.

ಧರಣೇಂದ್ರ ಮತ್ತೆ ಕೂತ.

"ಚಂದ್ರಮತಿ ಈ ಉಸಿರು ತನ್ನ ಗಂಡಂದು ಅಂತ ಆಣಿ ಮಾಡತಾರ," ಎಂದ ನಿಧಾನವಾಗಿ. "ಉಸಿರು ಹತ್ತಿರದಾಂವಂದು. ಹತ್ತಿರದಾಂವ ನೀವು ಅಂದ್ರ, ಈ ಉಸಿರೂ ನಿಮ್ಮದಽ ಇರಬೇಕಲ್ಲ?"

ಮೂಲೆಯಲ್ಲಿ ದುರಸ್ತಿಗೆ ಬಂದ ಬ್ಯಾಂಡ್ ಕಂಪನಿಯವರ ಸ್ಯಾಕ್ಸೊಫೋನು ಒಂದಿತ್ತು. ಧರಣೇಂದ್ರ ಅದನ್ನು ತಂದು ನೇಮಿನಾಥನ ಮುಂದೆ ಹಿಡಿದ.

"ಊದ್ರಿ ನೋಡೂಣು."

ನೇಮಿನಾಥ ಹಿಂದೆ ಸರಿಯಲಿಲ್ಲ. ಕೂಸನ್ನು ಎತ್ತಿಕೊಂಡಂತೆ ಅದನ್ನು ತೆಗೆದುಕೊಂಡ. ಬೆರಳುಗಳು ನೋಡದೆಯೇ ತಂತಮ್ಮ ಗುಂಡಿಗಳ ಮೇಲೆ ಕೂತವು. ಟೇಪಿನಲ್ಲಿ ದೂರದ ದನಿ ಏರುತ್ತಿದ್ದಂತೆ ಅವನ ಬೆರಳುಗಳು ಏರಿದವು. ಅದು ತಡೆದಾಗ ತಡೆದವು. ಅದು ಮುರಿದು ಚೂರಾಗಿ ಕೆಳಗೆ ಉದುರಿದಾಗ, ಆ ಒಂದೊಂದು ಚೂರಿಗೂ ಒಂದೊಂದು ಬೆರಳು ಬಿತ್ತು.

ಅವನು ಅದನ್ನು ತುಟಿಗೆ ಇಟ್ಟ. ಉಸಿರು ಎಳೆದ. ದನಿ ಹೊರಡಲಿಲ್ಲ. ಕೆಮ್ಮು ಹೊರಟಿತು. ಒಣಕೆಮ್ಮು, ಮೈಯನ್ನೆಲ್ಲ ಮುರಿಯುವಂಥದ್ದು. ಮಫ್ಲರಿನಿಂದ ಬಾಯಿ ಒತ್ತಿಕೊಂಡು ಟೇಬಲ್ಲಿಗೆ ಒರಗಿ ಅದು ತಗ್ಗುವವರೆಗೆ ಕಾದ.

ಧರಣೇಂದ್ರ ಅವನ ಬೆರಳುಗಳನ್ನೇ ನೋಡುತ್ತಿದ್ದ.

"ನಿಮ್ಮ ಬೆರಳು ಹಿಂಬಾಲಿಸಿದ್ದು ದೂರದ ದನೀನ," ಎಂದ. "ಹತ್ತಿರದ್ದನ್ನಲ್ಲ."

ನೇಮಿನಾಥ ತಲೆ ತಗ್ಗಿಸಿದ.

"ಹಳೇ ಟೇಪಿನ್ಯಾಗ ಊದಿದಾಂವ ಉತ್ತಮ ಅಲ್ಲ. ಅಲ್ಲೇನು?"

"ಅಲ್ರಿ," ಎಂದ ನೇಮಿನಾಥ. "ಅದು ನಾನು."

ಹೊರಗೆ ಪೇಟೆ ಎಂದಿನಂತೆ ನಡೆದಿತ್ತು. ಧರಣೇಂದ್ರ ಟೇಪು ನಿಲ್ಲಿಸಿದ.

"ಉತ್ತಮ ಮುಂಬಯಿಂದ ಬರುವಾಗ ವಿದೇಶದ ಟೇಪು ತಂದಿದ್ದ," ನೇಮಿನಾಥ ಹೇಳತೊಡಗಿದ. "ಇಬ್ಬರೂ ಗಾಣದ ಮನ್ಯಾಗ ಕೂತು ಕೇಳತಿದ್ವಿ. ಊದೂದು ನನಗ ಅವನಽ ಕಲಿಸಿದ. ಒಂದ್ ದಿನ ಅವ ಮಶೀನು ಹಚ್ಚಿ ಕೂತ, ನಾ ಊದಿದ್ನಿ. ಏನ್ ಊದಿದ್ನಿ ಅಂತ ನನಗಽ ಗೊತ್ತಿಲ್ರಿ. ಹೊಳಿಯೊಳಗ ಇಳದಂಗ ಆಗಿತ್ತು. ಮುಗದ ಮ್ಯಾಲೆ ನೋಡ್ತೀನಿ, ಅವ ಅಳಾಕತ್ತಿದ್ದ."

"ಮತ್ತ ಅವನ ಹೆಸರು ಹ್ಯಾಂಗ ಬಂತು?"

"ಪುಣೆದಾಗ ಯಾರಿಗೋ ಕೇಳಿಸಿದ. ಅವರು ನೀನಽ ಊದೀಯೇನು ಅಂದ್ರಂತ. ಅವ ಸುಮ್ಮನಿದ್ದ. ಅಷ್ಟಽ. ಒಂದು ಸಲ ಸುಮ್ಮನಿದ್ದ ಮ್ಯಾಲೆ ಬಾಯಿ ತಗಿಯೂದು ಆಗಲಿಲ್ಲ ಅವಂಗ. ನನಗೂ ಬ್ಯಾಸರ ಇರಲಿಲ್ಲ. ಆಗಲೇ ನನಗ ಕ್ಷಯ ಹತ್ತಿತ್ತು. ಮೀರಜಿನ ಡಾಕ್ಟರು ಇನ್ನ ಊದಬಾರದು ಅಂದಿದ್ರು. ನನ್ನ ದನಿ ಅವನ ಹೆಸರಿನ್ಯಾಗ ಉಳೀಲಿ ಅನಕೊಂಡ್ನಿ. ಆಮ್ಯಾಲೆ ಅವರು ಎದುರಿಗೆ ಬಂದು ಊದು ಅಂದ್ರು."

"ಅವಂಗ ಹಂಗ ಊದಾಕ ಬರತಿರಲಿಲ್ಲ."

"ಬರತಿರಲಿಲ್ರಿ. ಅವ ಪುಣೆ ಬಸ್ಸು ಹತ್ತೂಕಿಂತ ಮೊದಲ ಇಲ್ಲಿಗೆ ಬಂದಿದ್ದ. ಇಲ್ಲೇ, ನೀವು ಕೂತಲ್ಲೇ ಕೂತಿದ್ದ. ಏನೂ ಮಾತಾಡಲಿಲ್ಲ. ಅವಂಗ ಹೋಗಬ್ಯಾಡ ಅಂತ ನಾ ಅನಬೇಕಿತ್ತು."

ನೇಮಿನಾಥ ಸ್ಯಾಕ್ಸೊಫೋನನ್ನು ಟೇಬಲ್ಲಿನ ಮೇಲೆ ಮಲಗಿಸಿ ಮಫ್ಲರಿನಿಂದ ಅದರ ಹಿತ್ತಾಳೆ ಒರೆಸಿದ.

"ಅವ ಸತ್ತ ಅಂತಽ ತಿಳಿದಿದ್ನಿ. ಚಳಿಗಾಲದಾಗ ಒಮ್ಮೊಮ್ಮೆ ಗಾಣದ ಮನಿಗೆ ಹೋಗಿ ಆ ಟೇಪು ಹಚ್ಚಿ ಕೂಡತಿದ್ನಿ. ಈ ವರ್ಷ ಮಂಜು ಬೀಳಾಕ ಹತ್ತಿದ ಮ್ಯಾಲೆ ಒಂದಿನ ಹಂಗಽ ಕೂತೀನಿ. ಟೇಪಿನ್ಯಾಗ ನನ್ನ ದನಿ ಏಳತೈತಿ. ಕಬ್ಬಿನ ಒಳಗಿಂದ ಯಾರೋ ಅದಕ್ಕ ಉತ್ತರ ಕೊಟ್ರು."

ಹೇಳುತ್ತ ಅವನ ದನಿ ಮೆತ್ತಗಾಯಿತು.

"ಕನಸು ಅನಕೊಂಡ್ನಿ. ಉಪಾಧ್ಯೆರ, ಹಂಗ ಯಾರೂ ಊದಿದ್ದು ಕೇಳಿಲ್ಲ ನಾನು. ನಾ ಎಂದೋ ಕೇಳಿದ ಪ್ರಶ್ನಿಗೆ ಈಗ ಉತ್ತರ ಬಂದಂಗ ಇತ್ತು. ಮತ್ತೊಂದು ದಿನ ಇನ್ನೊಂದು ಮಶೀನು ತಗೊಂಡು ಹೋದ್ನಿ. ದನಿ ಹತ್ರ ಬಂತು, ಬಾಗಲಿಗೇ ಬಂತು. ಮಂಜಿನ್ಯಾಗ ನಿಂತಿದ್ದ. ಗಡ್ಡ ಬಿಟ್ಟಾನ, ಸೊರಗ್ಯಾನ. ಆದ್ರ ಉತ್ತಮನಽ. ನನ್ನ ನೋಡಿದ. ನೋಡಿಕೋಂತ ಊದಿದ."

"ಏನ್ ಮಾತಾಡಿದ್ರಿ?"

"ಮಾತಾಡಲಿಲ್ಲ," ನೇಮಿನಾಥ ಕಿಟಕಿಯ ಕಡೆ ತಿರುಗಿದ. "ಅಷ್ಟೊತ್ತಿಗೆ ಚಂದ್ರಮತಿ ಲಗ್ನಕ್ಕ ಹೂಂ ಅಂದಿದ್ದಳು. ನನಗ ಅದು ನೆನಪಾತು. ಹಿತ್ತಲ ಬಾಗಲಿಂದ ಓಡಿ ಬಂದ್ನಿ. ಎರಡೂ ಮಶೀನು ಅಲ್ಲೇ ಬಿಟ್ಟು ಓಡಿ ಬಂದ್ನಿ. ಆಮ್ಯಾಲೆ ಹೋಗಿ ನೋಡಿದ್ರ ಮಶೀನು ಇದ್ವು, ತುಂಬಿದ ಟೇಪು ಇರಲಿಲ್ಲ."

"ಅಂದ್ರ ಧನಪಾಲಗ ಕಳಿಸಿದ್ದು ನೀವಲ್ಲ."

"ನಾ ಕಳಸಲಿಲ್ರಿ. ಖರೇನ ಹೇಳತೀನಿ, ಇವತ್ತಽ ಮೊದಲ ಸಲ ಕೇಳಿದ್ದು."

ಅಂದರೆ ಕಳಿಸಿದವನು ಉತ್ತಮನೇ. ಏಳು ವರ್ಷ ಸತ್ತಂತೆ ಅಡಗಿದ್ದವನು ಚಂದ್ರಮತಿಯ ಮದುವೆ ಗೊತ್ತಾದ ಮೇಲೆ ಬಾಯಿ ತೆರೆದಿದ್ದ. ಕೊನೆಗೂ ಊದಬಲ್ಲೆ ಎಂದು ಪುಣೆಯವರಿಗೆ ತೋರಿಸಲೋ, ಹೆಂಡತಿಗೆ ತಾನು ಬದುಕಿದ್ದೇನೆ ಎಂದು ತಿಳಿಸಲೋ, ಧರಣೇಂದ್ರನಿಗೆ ಬಗೆಹರಿಯಲಿಲ್ಲ.

"ಅವನ ಹೆಂಡತೀನ ಲಗ್ನ ಆಗಾಕ ಹೊಂಟೀರಿ. ಅವ ಜೀವಂತ ಅದಾನಂತ ಗೊತ್ತಿದ್ದೂ."

"ದಿನಾ ಮುಂಜಾನೆ ಇವತ್ತ ಹೇಳತೀನಿ ಅಂತ ಏಳತೀನ್ರಿ," ಎಂದ ನೇಮಿನಾಥ. ಅವನ ಕಣ್ಣು ತುಂಬಿತ್ತು. ಗೂಟಕ್ಕೆ ನೇತುಹಾಕಿದ್ದ ಟೋಪಿ ತೆಗೆದು ಹಾಕಿಕೊಂಡ. "ನಡೀರಿ. ನೀವು ಹೇಳಬ್ಯಾಡ್ರಿ. ನಾನಽ ಹೇಳತೀನಿ."

* * *

ಚಂದ್ರಮತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ನೇಮಿನಾಥ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಎಲ್ಲೂ ತನ್ನನ್ನು ಉಳಿಸಿಕೊಳ್ಳುವ ಮಾತು ಸೇರಿಸಲಿಲ್ಲ. ಅವಳ ಪಾದ ಯಂತ್ರದ ಮೆಟ್ಟಿನ ಮೇಲೆ ಅಲುಗದೆ ಇತ್ತು. ಕಿಟಕಿಯಿಂದ ಬಂದ ಇಳಿಬಿಸಿಲು ಅವಳ ಮಡಿಲಿನಲ್ಲಿದ್ದ ಕುಪ್ಪಸದ ಹಸಿರು ಖಣದ ಮೇಲೆ ಬಿದ್ದಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

"ನೀ ಯಾವಾಗ ಹೇಳಾಂವ ಇದ್ದಿ?" ಎಂದಳು ಕೊನೆಗೆ. ಅವನನ್ನು ಅವಳು ಏಕವಚನದಲ್ಲಿ ಕರೆದದ್ದನ್ನು ಧರಣೇಂದ್ರ ಮೊದಲ ಸಲ ಕೇಳಿದ. "ಅಕ್ಷತಿ ಬಿದ್ದ ಮ್ಯಾಲೇನು?"

ನೇಮಿನಾಥ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಅವರು ನಿನ್ನ ನೋಡಿದ್ರು. ಹೌದಿಲ್ಲೋ?"

"ನೋಡಿದ."

"ನನ್ನ ಹೆಸರು ತಗದ್ರೇನು?"

"ಇಲ್ಲ."

"ಕಣ್ಣಿನ್ಯಾಗಾದ್ರೂ ಕೇಳಿದ್ರೇನು?"

ಈಗಲಾದರೂ ನಿಜವನ್ನೇ ಹೇಳಬೇಕೆಂದು ಅವನು ಹೆಣಗುತ್ತಿರುವುದು ಕಾಣುತ್ತಿತ್ತು.

"ಇಲ್ಲ," ಎಂದ. "ಅವ ಬರೇ ಊದಿದ."

ಚಂದ್ರಮತಿ ಎದ್ದಳು. ಮಡಿಲಿನ ಬಟ್ಟೆ ನೆಲಕ್ಕೆ ಜಾರಿತು. ಅದನ್ನು ದಾಟಿ ಒಳಗೆ ಹೋದಳು. ಒಳಗೆ ಪೆಟ್ಟಿಗೆಯ ಮುಚ್ಚಳದ ಸಪ್ಪಳವಾಯಿತು. ಅಳು ಕೇಳಿಸಬಹುದೆಂದು ಇಬ್ಬರೂ ಗಂಡಸರು ಕಾದರು. ಕೇಳಿಸಲಿಲ್ಲ.

ಹೊರಗೆ ಬಂದಾಗ ಅವಳ ಕೈಯಲ್ಲಿ ಮದುವೆಯ ಕರೆಯೋಲೆಯೊಂದಿತ್ತು. ಅರಿಸಿನ ಕುಂಕುಮ ಹಚ್ಚಿದ, ಇನ್ನೂ ಯಾರಿಗೂ ಕೊಡದ ಹೊಸ ಕಾಗದ. ಹೊಲಿಗೆ ಯಂತ್ರದ ಹಲಗೆಯ ಮೇಲೆ ಅದನ್ನಿಟ್ಟು, ಪೆನ್ನು ತೆಗೆದು, ಹೆಸರು ಬರೆಯಲು ಬಿಟ್ಟ ಜಾಗದಲ್ಲಿ ದುಂಡಗೆ ಬರೆದಳು: ಶ್ರೀಯುತ ಉತ್ತಮ ಹುದ್ದಾರ.

"ಅಕ್ಕಾರ," ಎಂದ ಧರಣೇಂದ್ರ, "ಅವ ಜೀವಂತ ಅದಾನಂತ ಗೊತ್ತಾದ ಮ್ಯಾಲೆ ಕಾಯ್ದೆ ಈ ಲಗ್ನ ಒಪ್ಪೂದಿಲ್ಲ."

"ಕಾಯ್ದೆಗೆ ಗೊತ್ತಿಲ್ರಿ. ನಮ್ಮ ಮೂರೂ ಮಂದಿಗೆ ಗೊತ್ತೈತಿ. ಅವರಿಗೆ ಗೊತ್ತೈತಿ." ಅವಳು ತಲೆ ಎತ್ತಲಿಲ್ಲ. "ಏಳು ವರ್ಷ ಹೊಳಿ ದಂಡೀಗೆ ಹೋಗಿ ಹೆಣ ಸಿಕ್ಕೀತೇನೋ ಅಂತ ನೋಡೀನಿ. ಅವರು ಅಲ್ಲೇ ಕಬ್ಬಿನ್ಯಾಗ ಕೂತು ಊದೂದು ಕಲೀತಿದ್ರು. ತಡಿಯೂದಿತ್ತಂದ್ರ ಬಂದು, ನನ್ನ ಎದುರಿಗೆ ನಿಂತು, ಬಾಯಿಲೆ ಹೇಳಿ ತಡೀಲಿ. ಟೇಪಿನ್ಯಾಗ ಬ್ಯಾಡ."

"ಬಂದು ತಡದ್ರ?" ಎಂದ ನೇಮಿನಾಥ. ಅವನ ದನಿ ಕೇಳಿಸದಷ್ಟು ಸಣ್ಣದಾಗಿತ್ತು.

ಅವಳು ಕರೆಯೋಲೆಯಲ್ಲಿ ಅಚ್ಚಾಗಿದ್ದ 'ಸಕುಟುಂಬ ಸಪರಿವಾರ ಸಮೇತರಾಗಿ' ಎಂಬ ಸಾಲಿನ ಮೇಲೆ ಪೆನ್ನಿನಿಂದ ನೇರವಾಗಿ ಒಂದು ಗೀಟು ಎಳೆದಳು. ಮಸಿ ಆರಲೆಂದು ಊದಿ, ಕಾಗದ ಮಡಚಿ ಧರಣೇಂದ್ರನ ಮುಂದೆ ಚಾಚಿದಳು.

ಅವನು ತೆಗೆದುಕೊಂಡ. "ವಿಳಾಸ?"

"ಅದಕ್ಕಽ ಅಲ್ಲೇನ್ರಿ," ಎಂದಳು ಚಂದ್ರಮತಿ, "ನಿಮ್ಮನ್ನ ಕರಸಿದ್ದು?"